ಊರು ಬದಲಾದರೂ ಮಳೆಯ ಭಯ ಏಕೆ ಬಿಡುವುದಿಲ್ಲ?

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಮಡಿಕೇರಿ ತಾಲ್ಲೂಕಿನ ನಮ್ಮ ಮನೆಯ ಹಿಂದಿನ ಬರೆ (ಇಳಿಜಾರಿನ ಮಣ್ಣಿನ ದಿಬ್ಬ) ಕುಸಿಯಿತು. ರಾತ್ರೋರಾತ್ರಿ ಉಟ್ಟ ಬಟ್ಟೆಯಲ್ಲೇ ಹೊರಟು ಬಂದೆವು. ಈಗ ಸೋಮವಾರಪೇಟೆ ತಾಲ್ಲೂಕಿನಲ್ಲಿ ಸಮತಟ್ಟಾದ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಹತ್ತಿರದಲ್ಲಿ ಗುಡ್ಡವಿಲ್ಲ, ಹೊಳೆಯೂ ಇಲ್ಲ. ಆದರೂ ಜೂನ್ ಬಂತೆಂದರೆ ರಾತ್ರಿ ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. ದಿನಾ ರಾತ್ರಿ ಬ್ಯಾಗ್ ಕಟ್ಟಿಟ್ಟು, ಬೆಲ್ಲದ ಕಾಫಿ ಕುಡಿದು ಎಚ್ಚರವಾಗಿ ಕೂರುತ್ತೇನೆ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ತವರಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಗೆ ಮಾತ್ರ ಏನೂ ಆಗುವುದಿಲ್ಲ. ‘ಇಲ್ಲಿ ಬರೆಯೇ ಇಲ್ಲ, ಹೆದರುವುದು ಏತಕ್ಕೆ’ ಎಂದು ಯಜಮಾನರು ಕೇಳುತ್ತಾರೆ. ಅದು ನನಗೂ ಗೊತ್ತು. ಏಳು ವರ್ಷದ ಮಗ ಕೂಡ ಈಗ ಮಳೆ ಜೋರಾದರೆ ನನ್ನ ಸೆರಗು ಬಿಡುವುದಿಲ್ಲ. ಗೊತ್ತಿದ್ದೂ ಹೆದರುವುದು ನನ್ನ ದೌರ್ಬಲ್ಯವೇ? ನಿದ್ರೆ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಗೊತ್ತಿದ್ದೂ ಹೆದರುವುದು ದೌರ್ಬಲ್ಯವಲ್ಲ. ಅಪಾಯದ ಕುರಿತು ನಮಗಿರುವ ತಿಳಿವಳಿಕೆಯನ್ನೂ ಅಪಾಯಕ್ಕೆ ದೇಹ ಕೊಡುವ ಪ್ರತಿಕ್ರಿಯೆಯನ್ನೂ ಮಿದುಳು ಬಹುಮಟ್ಟಿಗೆ ಬೇರೆ ಬೇರೆ ದಾರಿಗಳಲ್ಲಿ ಕಲಿಯುತ್ತದೆ, ಬೇರೆ ಬೇರೆಯಾಗಿ ಉಳಿಸಿಕೊಳ್ಳುತ್ತದೆ. ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿದ ಒಂದು ಪ್ರಯೋಗ ಅಮೆರಿಕದ ಅಯೋವಾದಲ್ಲಿ ನಡೆಯಿತು. ನರವಿಜ್ಞಾನಿಗಳಾದ ಬೆಶಾರಾ, ಡಮಾಸಿಯೊ ಮತ್ತು ಅವರ ಸಂಗಡಿಗರು ಅದನ್ನು 1995ರಲ್ಲಿ ಪ್ರಕಟಿಸಿದರು. ಅವರು ರೋಗಿಗಳಿಗೆ ಬೇರೆ ಬೇರೆ ಬಣ್ಣದ ಚಿತ್ರಗಳನ್ನು ತೋರಿಸುತ್ತಾ, ಒಂದು ಬಣ್ಣ ಬಂದಾಗ ಮಾತ್ರ ಹಡಗಿನ ಹಾರ್ನ್‌ನಂಥ ಕರ್ಕಶ ಸದ್ದನ್ನು ಥಟ್ಟನೆ ಕೇಳಿಸಿದರು ಮತ್ತು ಅಂಗೈ ಎಷ್ಟು ಬೆವರುತ್ತದೆ ಎಂಬುದನ್ನು ಅಳೆದರು. ಮಿದುಳಿನ ಎರಡೂ ಬದಿಯ ಅಮಿಗ್ಡಲ ಎಂಬ ಪುಟ್ಟ ಭಾಗ ಹಾಳಾಗಿದ್ದ ರೋಗಿ ಯಾವ ಬಣ್ಣದ ಹಿಂದೆ ಸದ್ದು ಬರುತ್ತದೆ ಎಂಬುದನ್ನು ಸರಿಯಾಗಿ ಹೇಳಿದರು, ಆದರೆ ಆ ಬಣ್ಣ ಕಂಡಾಗ ಅವರ ಅಂಗೈ ಬೆವರಲಿಲ್ಲ. ಹೊಸ ಸಂಗತಿಗಳನ್ನು ನೆನಪಿನಲ್ಲಿಡುವ ಹಿಪೊಕ್ಯಾಂಪಸ್ ಹಾಳಾಗಿದ್ದ ಮತ್ತೊಬ್ಬ ರೋಗಿಗೆ ಯಾವ ಬಣ್ಣ ಎಂಬುದೇ ನೆನಪಿರಲಿಲ್ಲ, ಆದರೆ ಆ ಬಣ್ಣ ಬಂದ ಕೂಡಲೇ ಅಂಗೈ ಬೆವರಿತು. ಒಬ್ಬರಲ್ಲಿ ಭಯವಿಲ್ಲದ ತಿಳಿವಳಿಕೆ, ಇನ್ನೊಬ್ಬರಲ್ಲಿ ತಿಳಿವಳಿಕೆಯಿಲ್ಲದ ಭಯ. ಮಿದುಳು ಆರೋಗ್ಯವಾಗಿರುವ ನಮ್ಮೆಲ್ಲರಲ್ಲೂ ಈ ಎರಡು ಕಲಿಕೆಗಳು ಜೊತೆಜೊತೆಯಾಗಿ ಇರುವುದರಿಂದ ಅವು ಒಂದೇ ಎಂಬ ಭಾವನೆ ಹುಟ್ಟುತ್ತದೆ. ‘ಇಲ್ಲಿ ಬರೆಯೇ ಇಲ್ಲ’ ಎಂಬ ನಿಮ್ಮ ಯಜಮಾನರ ಮಾತು ಸತ್ಯವೇ. ಆದರೆ ಅದು ಮೊದಲನೆಯ ಕಲಿಕೆಗೆ ತಲುಪುತ್ತದೆ. ಆ ರಾತ್ರಿಯ ಸದ್ದನ್ನು ಹಿಡಿದಿಟ್ಟುಕೊಂಡಿರುವ ಎರಡನೆಯದಕ್ಕೆ ಬರೀ ಮಾತಿನಿಂದ ತಲುಪುವುದಿಲ್ಲ. (ಅಮಿಗ್ಡಲವನ್ನು ‘ಭಯದ ಕೇಂದ್ರ’ ಎಂದು ಬರೆಯುವ ರೂಢಿಯಿದೆ. ಅದು ವಿಷಯವನ್ನು ತೀರಾ ಸರಳಗೊಳಿಸಿದಂತೆ. ಅಪಾಯದ ಸುಳಿವು ಸಿಕ್ಕ ಕೂಡಲೇ ದೇಹವನ್ನು ಸಜ್ಜುಗೊಳಿಸುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ‘ನನಗೆ ಭಯವಾಗುತ್ತಿದೆ’ ಎಂಬ ಅರಿವು ಮೂಡಲು ಮಿದುಳಿನ ಇನ್ನೂ ಅನೇಕ ಭಾಗಗಳು ಸೇರಬೇಕು.)

ದೇಹ ಸಜ್ಜಾಗುವುದು ಎಂದರೆ ಅಡ್ರಿನಲಿನ್ ಎಂಬ ಹಾರ್ಮೋನು ಹರಿಯುತ್ತದೆ, ಹೃದಯದ ಬಡಿತ ಏರುತ್ತದೆ, ಉಸಿರು ವೇಗವಾಗುತ್ತದೆ, ರಕ್ತ ಜೀರ್ಣಾಂಗಗಳಿಂದ ಕೈಕಾಲುಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಇದನ್ನು ಹೋರಾಡಲು ಅಥವಾ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಎಂದು ವಿವರಿಸಿದರು. 2018ರ ಆ ರಾತ್ರಿ ನಿಮ್ಮನ್ನು ಮನೆಯಿಂದ ಹೊರಗೆ ಓಡಿಸಿ ಉಳಿಸಿದ್ದೂ ಇದೇ ಸಿದ್ಧತೆ. ಕ್ಯಾನನ್ ಅವರಿಗಿಂತ ಸುಮಾರು ಮೂವತ್ತು ವರ್ಷ ಮೊದಲು, 1884ರಲ್ಲಿ, ಮನೋವಿಜ್ಞಾನಿ ವಿಲಿಯಂ ಜೇಮ್ಸ್ ನಾವು ಹೆದರಿದ್ದರಿಂದ ನಡುಗುವುದಲ್ಲ, ನಡುಗಿದ್ದನ್ನು ಗಮನಿಸಿಯೇ ಹೆದರುತ್ತೇವೆ ಎಂಬ ವಾದವನ್ನು ಮುಂದಿಟ್ಟಿದ್ದರು. ಕ್ಯಾನನ್ ಅದನ್ನು ಬಲವಾಗಿ ವಿರೋಧಿಸಿದರು, ಜೇಮ್ಸ್ ಹೇಳಿದ್ದನ್ನು ಇಂದು ಹೆಚ್ಚಿನವರು ಹೇಳಿದ ಹಾಗೆಯೇ ಒಪ್ಪುವುದಿಲ್ಲ. ಆದರೂ ಅದರಲ್ಲಿ ನಿಮಗೆ ಬೇಕಾದ ಒಂದು ಸತ್ಯವಿದೆ: ದೇಹದ ಬಡಿತವನ್ನು ನಾವು ಹೇಗೆ ಓದಿಕೊಳ್ಳುತ್ತೇವೆ ಎಂಬುದು ಭಾವನೆಯ ಒಂದು ಭಾಗ. ಇಲ್ಲಿ ನಿಮ್ಮ ಕಾಫಿಯ ಮಾತು ಬರುತ್ತದೆ. ಕಾಫಿಯಲ್ಲಿರುವ ಕೆಫೀನ್ ತಾನಾಗಿಯೇ ಎದೆ ಬಡಿತವನ್ನೂ ಕೈನಡುಕವನ್ನೂ ತರಬಲ್ಲದು. ಕುಡಿದ ಐದು ಗಂಟೆಯ ನಂತರವೂ ಸುಮಾರು ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದ ಕಾಫಿ ಬೆಳಗಿನ ಜಾವ ಎರಡು ಗಂಟೆಗೂ ಕೆಲಸ ಮಾಡುತ್ತಿರುತ್ತದೆ. ಹೊರಗೆ ಮಳೆ, ಒಳಗೆ ಕೆಫೀನಿನಿಂದ ಏರಿದ ಬಡಿತ. ಆ ಬಡಿತಕ್ಕೆ ಮಳೆಯೇ ಕಾರಣ ಎಂದು ಮನಸ್ಸು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಮಳೆಗಾಲ ಮುಗಿಯುವವರೆಗೆ ಮಧ್ಯಾಹ್ನದ ಊಟದ ನಂತರ ಕಾಫಿ ಬೇಡ. ಕೊಡಗಿನ ಮನೆಯಲ್ಲಿ ಇದು ಸಣ್ಣ ಮಾತಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಹೂಮಳೆಯ ಸಾಲು. ಅದೇ ಶೀಟು, ಅದೇ ನೀರು, ಸದ್ದು ಕೂಡ ಬಹುತೇಕ ಅದೇ. ಆದರೆ ಮಾರ್ಚ್‌ನ ಮಳೆ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ, ತೋಟಕ್ಕೆ ಬೇಕಾಗಿರುತ್ತದೆ, ಮನೆಯವರೆಲ್ಲ ಅದಕ್ಕಾಗಿ ಕಾದಿರುತ್ತಾರೆ. ಒಂದು ವಾರದಲ್ಲಿ ಗಿಡದ ತುಂಬ ಬಿಳಿ ಹೂ. ಆಗಸ್ಟ್‌ನ ಮಳೆಯ ಜೊತೆಗೆ ಕತ್ತಲಿರುತ್ತದೆ, ಹೋದ ಕರೆಂಟು ಬಂದಿರುವುದಿಲ್ಲ, ಹಸಿ ಮಣ್ಣಿನ ವಾಸನೆ ಇರುತ್ತದೆ, ದಿನಗಟ್ಟಲೆ ಬಿಡದ ಸುರಿತ ಇರುತ್ತದೆ. ಅಂದರೆ ನಿಮ್ಮ ಮಿದುಳು ಎಲ್ಲ ಮಳೆಗೂ ಹೆದರಲು ಕಲಿತಿಲ್ಲ, ಈ ಇಡೀ ಸನ್ನಿವೇಶಕ್ಕೆ ಹೆದರಲು ಕಲಿತಿದೆ. ಭಯ ಈಗಾಗಲೇ ಮಳೆಗೂ ಮಳೆಗೂ ವ್ಯತ್ಯಾಸ ಮಾಡುತ್ತಿದೆ. ಇನ್ನಷ್ಟು ವ್ಯತ್ಯಾಸ ಮಾಡಲು ಅದಕ್ಕೆ ಕಲಿಸಬಹುದು ಎಂಬುದಕ್ಕೆ ನೀವೇ ಪುರಾವೆ ಕೊಟ್ಟಿದ್ದೀರಿ.

ಹಾಗಾದರೆ ಪ್ರತಿ ಜೂನ್‌ನಲ್ಲೂ ಅದು ಮೊದಲಿನಷ್ಟೇ ಜೋರಾಗಿ ಮರಳುವುದೇಕೆ? ರಷ್ಯಾದ ಶರೀರವಿಜ್ಞಾನಿ ಇವಾನ್ ಪಾವ್ಲೊವ್ ತಮ್ಮ ನಾಯಿಗಳಲ್ಲಿ ಇದನ್ನು ನೂರು ವರ್ಷಗಳ ಹಿಂದೆಯೇ ಕಂಡಿದ್ದರು. ಆಹಾರದ ಸೂಚನೆಯನ್ನು ಆಹಾರವಿಲ್ಲದೆ ಮತ್ತೆ ಮತ್ತೆ ಕೊಟ್ಟಾಗ ನಾಯಿಯ ಜೊಲ್ಲು ನಿಲ್ಲುತ್ತಿತ್ತು. ಸ್ವಲ್ಪ ಕಾಲ ಬಿಟ್ಟು ಅದೇ ಸೂಚನೆ ಕೊಟ್ಟರೆ ಜೊಲ್ಲು ಪುನಃ ಸುರಿಯುತ್ತಿತ್ತು. ಹಳೆಯ ಕಲಿಕೆ ಅಳಿಸಿಹೋಗಿರಲಿಲ್ಲ, ಅದರ ಮೇಲೆ ಹೊಸ ಕಲಿಕೆಯೊಂದು ಕುಳಿತಿತ್ತು ಅಷ್ಟೇ. ಭಯದ ವಿಷಯದಲ್ಲೂ ಹಾಗೆಯೇ ಎಂದು ಮನೋವಿಜ್ಞಾನಿ ಮಾರ್ಕ್ ಬೌಟನ್ ಅವರ ದಶಕಗಳ ಕೆಲಸ ತೋರಿಸಿದೆ. ‘ಇದರಿಂದ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಅದನ್ನು ಕಲಿತ ಜಾಗಕ್ಕೂ ಸಮಯಕ್ಕೂ ಅಂಟಿಕೊಳ್ಳುತ್ತದೆ, ಜಾಗ ಬದಲಾದರೆ ಅಥವಾ ನಡುವೆ ಬಹಳ ಕಾಲ ಕಳೆದರೆ ಹಳೆಯ ಭಯ ಮೇಲೆ ಬರುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನೀವು ಅಲ್ಪಸ್ವಲ್ಪ ಕಲಿತದ್ದನ್ನು ಎಂಟು ತಿಂಗಳ ಒಣ ಕಾಲ ಮಸುಕುಗೊಳಿಸುತ್ತದೆ. ಜೂನ್‌ನಲ್ಲಿ ಭಯ ಮರಳಿದರೆ ಅದನ್ನು ಸೋಲು ಎಂದು ಲೆಕ್ಕ ಹಾಕಬೇಡಿ. ಅದು ಬರುತ್ತದೆ ಎಂದು ಮೊದಲೇ ತಿಳಿದಿರಿ.

ಆದರೆ ಇಷ್ಟು ವರ್ಷ ಈ ಭಯ ಇಷ್ಟೊಂದು ಹುರುಪಾಗಿ ಉಳಿಯಲು ದೊಡ್ಡ ಕಾರಣ ಬೇರೆಯಿದೆ, ಅದು ದಿನಾ ರಾತ್ರಿ ನೀವು ಕಟ್ಟುವ ಬ್ಯಾಗು. ನೊಂದವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದೇ ಆಗಿರುವುದರಿಂದ ವಿವರವಾಗಿ ಹೇಳುತ್ತೇನೆ.

ಮಳೆ ಜೋರಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನೀವು ಎದ್ದು ಜಮೀನಿನ ಪಟ್ಟೆ, ಆಧಾರ್, ಪಾಸ್‌ಬುಕ್, ಮಗನ ಸ್ವೆಟರ್, ಟಾರ್ಚ್ ಎಲ್ಲವನ್ನೂ ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತೀರಿ. ಜಿಪ್ ಎಳೆದ ಆ ಕ್ಷಣದಲ್ಲಿ ಎದೆ ಸ್ವಲ್ಪ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ನಮಗೆ ಬೇಕಾದದ್ದು ಸಿಕ್ಕಾಗ ಮಾತ್ರ ಒಂದು ನಡವಳಿಕೆ ಬಲಗೊಳ್ಳುತ್ತದೆ ಎಂದೇನಿಲ್ಲ, ನಮಗೆ ಬೇಡವಾದದ್ದು ತೊಲಗಿದಾಗಲೂ ಅದು ಅಷ್ಟೇ ಬಲಗೊಳ್ಳುತ್ತದೆ. ಭಯ ಹುಟ್ಟುವುದು ಜೊತೆಜೊತೆಯಾಗಿ ಬಂದ ಅನುಭವಗಳಿಂದ, ಉಳಿಯುವುದು ತಪ್ಪಿಸಿಕೊಂಡಾಗ ಸಿಗುವ ನಿರಾಳದಿಂದ ಎಂಬ ಎರಡು ಹಂತದ ವಿವರಣೆಯನ್ನು ಮನೋವಿಜ್ಞಾನಿ ಹೋಬಾರ್ಟ್ ಮೌರರ್ 1947ರಲ್ಲಿ ಕೊಟ್ಟರು. 1950ರ ದಶಕದಲ್ಲಿ ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಒಂದು ಕಠೋರ ಪ್ರಯೋಗ ಮಾಡಿದರು. ಇಂದು ಅಂಥದ್ದಕ್ಕೆ ಅನುಮತಿ ಸಿಗುವುದು ಕಷ್ಟ. ಸೂಚನೆ ಬಂದ ಕೆಲವು ಕ್ಷಣಗಳಲ್ಲಿ ವಿದ್ಯುತ್ ಆಘಾತ, ಅಡ್ಡಗೋಡೆ ಹಾರಿ ಆಚೆ ಹೋದರೆ ತಪ್ಪಿಸಿಕೊಳ್ಳಬಹುದು. ನಾಯಿಗಳು ಬೇಗನೆ ಹಾರಲು ಕಲಿತವು. ಆಮೇಲೆ ಆಘಾತವನ್ನು ಪೂರ್ತಿ ನಿಲ್ಲಿಸಿದರೂ ಅವು ನೂರಾರು ಬಾರಿ ಹಾರುತ್ತಲೇ ಹೋದವು. ಒಮ್ಮೆಯೂ ಈಚೆ ನಿಂತು ನೋಡದ ನಾಯಿಗೆ ಆಘಾತ ನಿಂತಿದೆ ಎಂದು ತಿಳಿಯುವುದಾದರೂ ಹೇಗೆ?

ನೀವು ಬ್ಯಾಗ್ ಕಟ್ಟಿ ಎಚ್ಚರವಿದ್ದ ಪ್ರತಿ ರಾತ್ರಿಯೂ ಏನೂ ಆಗದೆ ಬೆಳಗಾಗಿದೆ. ಆದರೆ ಅದರಿಂದ ಮಿದುಳು ‘ಇಲ್ಲಿ ಅಪಾಯವಿಲ್ಲ’ ಎಂದು ಕಲಿಯಲಿಲ್ಲ, ‘ಎಚ್ಚರವಿದ್ದೆ, ಹಾಗಾಗಿ ಉಳಿದೆ’ ಎಂದು ಕಲಿಯಿತು. ಇಷ್ಟೊಂದು ಮಳೆಗಾಲ ಸುರಕ್ಷಿತವಾಗಿ ಕಳೆದರೂ ಅದರ ಒಂದು ಪಾಲು ಕೂಡ ಭಯದ ಖಾತೆಯಿಂದ ಕಡಿತವಾಗದಿರಲು ಇದೇ ಕಾರಣ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲಿಫ್ಟಿಗೋ ಜಿರಲೆಗೋ ಹೆದರುವವರಿಗೆ ಕೊಡುವ ಸಲಹೆಯನ್ನು ಕೊಡಗಿನವರಿಗೆ ಹಾಗೆಯೇ ಕೊಡುವಂತಿಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿ ಜೀವಗಳು ಹೋದವು. ಮೂರೂ ಆಗಸ್ಟ್‌ನಲ್ಲೇ. ಇಂಥ ನಾಡಿನಲ್ಲಿ ಆಗಸ್ಟ್‌ನ ಮಳೆಗೆ ಕಿವಿಗೊಡುವುದು ವಿವೇಕ. ಆದ್ದರಿಂದ ಭಯವನ್ನು ಪೂರ್ತಿ ಕಿತ್ತುಹಾಕುವ ಗುರಿಯನ್ನು ನಾನು ನಿಮ್ಮ ಮುಂದಿಡುವುದಿಲ್ಲ. ಮುನ್ನೆಚ್ಚರಿಕೆಯನ್ನು ಉಳಿಸಿಕೊಂಡು, ಎದೆಯನ್ನು ಸಮಾಧಾನಪಡಿಸುವುದಕ್ಕಾಗಿ ಮಾತ್ರ ಮಾಡುವ ಕೆಲಸಗಳನ್ನು ಬಿಡಬೇಕು. ಎರಡನ್ನೂ ಬೇರ್ಪಡಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮುನ್ನೆಚ್ಚರಿಕೆಯನ್ನು ಹಗಲಿನಲ್ಲಿ, ತಲೆ ತಣ್ಣಗಿರುವಾಗ, ಹೊರಗಿನ ಮಾಹಿತಿಯ ಆಧಾರದ ಮೇಲೆ ತೀರ್ಮಾನಿಸಿರುತ್ತೇವೆ ಮತ್ತು ಒಮ್ಮೆ ಮಾಡಿದರೆ ಸಾಕಾಗುತ್ತದೆ. ಇನ್ನೊಂದನ್ನು ರಾತ್ರಿ, ಎದೆ ಬಡಿತದ ಆಜ್ಞೆಯ ಮೇಲೆ ಮಾಡುತ್ತೇವೆ, ಎಷ್ಟು ಸಲ ಮಾಡಿದರೂ ಸಾಕಾಗುವುದಿಲ್ಲ.

ಬ್ಯಾಗನ್ನು ಜೂನ್ ಮೊದಲ ವಾರ ಒಂದು ಭಾನುವಾರ ಮಧ್ಯಾಹ್ನ ಯಜಮಾನರ ಜೊತೆ ಕುಳಿತು ಕಟ್ಟಿ ಬೀರುವಿನಲ್ಲಿಡಿ. ಅಕ್ಟೋಬರ್‌ವರೆಗೆ ಅದನ್ನು ಬಿಚ್ಚಬೇಡಿ, ಮತ್ತೆ ಕಟ್ಟಬೇಡಿ, ರಾತ್ರಿ ಎದ್ದು ತಡವಿ ನೋಡಬೇಡಿ. ಅದೇ ದಿನ ಒಂದು ಹಾಳೆಯಲ್ಲಿ ‘ಹೀಗಾದರೆ ಹೀಗೆ ಮಾಡುತ್ತೇವೆ’ ಎಂಬ ವಾಕ್ಯಗಳನ್ನು ಬರೆಯಿರಿ. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ 1990ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿರುವ ವಿಧಾನ ಇದು. ‘ಧೈರ್ಯವಾಗಿರುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥ ಸನ್ನಿವೇಶ ಬಂದರೆ ಇಂಥ ಕೆಲಸ’ ಎಂದು ಮೊದಲೇ ನಿಗದಿಪಡಿಸಿದ ಸಂಕಲ್ಪ ಹೆಚ್ಚು ಕಾರ್ಯಗತವಾಗುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಯೋಚಿಸಿ ನಿರ್ಧರಿಸುವ ಭಾರ ಇರುವುದಿಲ್ಲ. ನಿಮ್ಮ ವಾಕ್ಯಗಳು ಹವಾಮಾನ ಇಲಾಖೆಯ ಮುನ್ಸೂಚನೆಗೂ ನೆಲದ ಗುರುತುಗಳಿಗೂ ಜೋಡಣೆಯಾಗಿರಲಿ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ಮತ್ತು ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ. ‘ಜಿಲ್ಲಾಡಳಿತ ಹೊರಡಲು ಹೇಳಿದರೆ ಬೀರುವಿನ ಬ್ಯಾಗ್ ಎತ್ತಿಕೊಂಡು ಇಂಥವರ ಮನೆಗೆ ಹೋಗುತ್ತೇವೆ. ರೆಡ್ ಅಲರ್ಟ್ ಇದ್ದ ದಿನ ಮಲಗುವ ಮುನ್ನ ಒಮ್ಮೆ ಸುದ್ದಿ ನೋಡುತ್ತೇವೆ. ಬೇರೆ ದಿನ ನೋಡುವುದಿಲ್ಲ.’ ಇಷ್ಟು ಸಾಕು.

ಇನ್ನು ಮಿದುಳಿಗೆ ಹೊಸ ಪಾಠ ಕಲಿಸುವ ಭಾಗ. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟವಾದ ತಿಂಡಿ ಕೊಡುತ್ತಾ, ಮೊಲವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು; ಕೊನೆಗೆ ಅವನು ಅದನ್ನು ಮುಟ್ಟಿ ಆಡಿದ. ಇಂದಿನ ಚಿಕಿತ್ಸೆಗಳ ಮೂಲ ಅಲ್ಲಿದೆ. ನೀವು ಈ ಕೆಲಸವನ್ನು ಆಗಸ್ಟ್‌ನ ನಡುರಾತ್ರಿ ಆರಂಭಿಸಬೇಡಿ. ಏಪ್ರಿಲ್‌ನಲ್ಲಿ ಹಗಲು ಹೊತ್ತು, ಮೊಬೈಲಿನಲ್ಲಿ ಮಳೆಯ ಸದ್ದನ್ನು ಹಾಕಿಕೊಂಡು ಅಡುಗೆ ಮಾಡಿ. ಆಮೇಲೆ ಅದನ್ನೇ ರಾತ್ರಿ ದೀಪ ಆರಿಸಿ ಕೇಳಿ. ಜೂನ್‌ನಲ್ಲಿ ಹಗಲಿನ ನಿಜ ಮಳೆಯಲ್ಲಿ ಜಗಲಿಯ ಮೇಲೆ ಕುಳಿತುಕೊಳ್ಳಿ. ನಂತರ ಸಾಧಾರಣ ಮಳೆಯ ಒಂದು ರಾತ್ರಿ ಕಾಫಿಯಿಲ್ಲದೆ, ಬ್ಯಾಗ್ ಮುಟ್ಟದೆ ಹಾಸಿಗೆಯಲ್ಲೇ ಇರಿ. ಪ್ರತಿ ಸಲವೂ ಮೊದಲು ಒಂದು ಸಾಲು ಬರೆದಿಡಿ: ‘ಏನಾಗುತ್ತದೆ ಎಂದು ನನಗೆ ಅನಿಸುತ್ತಿದೆ?’ ಬೆಳಿಗ್ಗೆ ಅದರ ಕೆಳಗೆ ನಡೆದದ್ದನ್ನು ಬರೆಯಿರಿ. ಮಿದುಳು ಹೆಚ್ಚು ಕಲಿಯುವುದು ಅದರ ನಿರೀಕ್ಷೆ ಸುಳ್ಳಾದಾಗ ಎಂಬುದು ಮಿಷೆಲ್ ಕ್ರಾಸ್ಕ್ ಮತ್ತು ಅವರ ಸಹೋದ್ಯೋಗಿಗಳ ನಿಲುವು, ನಾನೂ ಅದನ್ನೇ ಅನುಸರಿಸುತ್ತೇನೆ. ಭಯ ಪೂರ್ತಿ ಇಳಿಯಲೇಬೇಕೆಂದು ಕಾಯಬೇಕಾಗಿಲ್ಲ. ಭಯವಿದ್ದರೂ ಮಲಗಿದ್ದಿರಿ, ಏನೂ ಆಗಲಿಲ್ಲ, ಕಲಿಯಬೇಕಾದದ್ದು ಅದೇ. ಮನೆಯ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ. ಬೌಟನ್ ಹೇಳಿದ ಅಂಟುವಿಕೆ ಆಗ ಕಡಿಮೆಯಾಗುತ್ತದೆ.

ಎದೆ ಹೊಡೆದುಕೊಳ್ಳುವಾಗ ‘ಏನೂ ಆಗಲ್ಲ, ಏನೂ ಆಗಲ್ಲ’ ಎಂದು ಜಪಿಸುವ ಬದಲು ಇದ್ದದ್ದನ್ನು ಇದ್ದಂತೆ ಹೇಳಿಕೊಳ್ಳಿ: ‘ಹಿಂದಿನಿಂದ ಮಣ್ಣು ಬಂದು ಗೋಡೆ ಒಡೆಯುತ್ತದೆ ಎಂದು ನನಗೆ ಭಯವಾಗುತ್ತಿದೆ.’ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೇಡಕ್ಕೆ ಹೆದರುವವರನ್ನು ಜೇಡದ ಎದುರು ನಿಲ್ಲಿಸಿ, ಕೆಲವರಿಗೆ ತಮ್ಮ ಭಯವನ್ನು ಹೀಗೆ ಮಾತಿನಲ್ಲಿ ಹೇಳಲು, ಕೆಲವರಿಗೆ ಜೇಡ ನಿರಪಾಯಕಾರಿ ಎಂದು ಹೇಳಿಕೊಳ್ಳಲು ಸೂಚಿಸಲಾಗಿತ್ತು. ಒಂದು ವಾರದ ನಂತರ ಜೇಡದ ಎದುರು ಕಡಿಮೆ ಬೆವರಿದವರು ಭಯವನ್ನು ಬಾಯಿಬಿಟ್ಟು ಹೇಳಿದವರು. ನಿಮ್ಮ ಯಜಮಾನರಿಗೂ ಈ ಮಾತು ಸಲ್ಲುತ್ತದೆ. ಅವರು ಪ್ರೀತಿಯಿಂದಲೇ ‘ಹೆದರಬೇಡ’ ಎನ್ನುತ್ತಿರಬಹುದು, ಆದರೆ ಅದನ್ನು ಕೇಳಿದವರು ಭಯವನ್ನು ಮುಖದ ಹಿಂದೆ ಅಡಗಿಸುತ್ತಾರೆ. ಭಾವನೆಯನ್ನು ಹೊರಗೆ ತೋರಗೊಡದೆ ಅದುಮಿದಾಗ ಒಳಗಿನ ಅನುಭವ ಕಡಿಮೆಯಾಗುವುದಿಲ್ಲ, ದೇಹದ ಉದ್ವೇಗ ಏರುತ್ತದೆ ಎಂದು ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳು ತೋರಿಸಿವೆ. ‘ಎಷ್ಟು ಹೆದರಿಕೆ ಇದೆ ಈಗ?’ ಎಂದು ಅವರು ಕೇಳಿ, ನೀವು ಹೇಳಿ, ಇಬ್ಬರೂ ಮಲಗಿದರೆ ಅದು ಹೆಚ್ಚು ಉಪಯೋಗ. ರಾತ್ರಿಯಿಡೀ ಅವರು ನಿಮ್ಮ ಜೊತೆ ಎಚ್ಚರವಿರುವುದು ಬೇಡ, ಅದೂ ಇನ್ನೊಂದು ಬ್ಯಾಗ್ ಆದೀತು.

ಮಗನ ವಿಷಯ. 2018ನ್ನು ಅವನು ನೋಡಿಲ್ಲ ಅಥವಾ ಅವನಿಗೆ ನೆನಪಿಲ್ಲ, ಅವನು ನೋಡುತ್ತಿರುವುದು ನಿಮ್ಮ ಮುಖವನ್ನು. 1980ರ ದಶಕದಲ್ಲಿ ಸೂಸನ್ ಮಿನೇಕಾ ಮತ್ತು ಸಂಗಡಿಗರು, ಹಾವನ್ನೇ ಕಾಣದೆ ಪ್ರಯೋಗಾಲಯದಲ್ಲಿ ಬೆಳೆದ ಕೋತಿಗಳು ಹಾವಿಗೆ ಹೆದರುವುದಿಲ್ಲವೆಂದೂ, ಕಾಡಿನಲ್ಲಿ ಬೆಳೆದ ಕೋತಿ ಹಾವಿಗೆ ಬೆಚ್ಚುವುದನ್ನು ಕೆಲವೇ ನಿಮಿಷ ನೋಡಿದರೆ ಹೆದರಲು ಕಲಿಯುತ್ತವೆಂದೂ ತೋರಿಸಿದರು. ಅದೇ ಸರಣಿಯ ಇನ್ನೊಂದು ಪ್ರಯೋಗ ನಿಮಗೆ ಹೆಚ್ಚು ಮುಖ್ಯ: ಹಾವಿನ ಬಳಿ ನಿರಾತಂಕವಾಗಿರುವ ಕೋತಿಯನ್ನು ಮೊದಲೇ ನೋಡಿದ್ದ ಕೋತಿಗಳಲ್ಲಿ ಹೆಚ್ಚಿನವಕ್ಕೆ ಆಮೇಲೆ ಆ ಭಯ ಅಂಟಲಿಲ್ಲ. ಆದ್ದರಿಂದ ಮಳೆಗೆ ಹೆದರದವರ ಜೊತೆ ಮಗ ಮಳೆಯಲ್ಲಿ ಸಮಯ ಕಳೆಯಲಿ. ಅಪ್ಪನ ಜೊತೆ ರೇನ್‌ಕೋಟ್ ಹಾಕಿಕೊಂಡು ತೋಟದ ಚರಂಡಿ ಬಿಡಿಸಲು ಹೋಗಲಿ, ಅಜ್ಜಿಯ ಜೊತೆ ಕಣಿಲೆ (ಎಳೆ ಬಿದಿರು) ಹೆಚ್ಚಲಿ. ನೀವು ಧೈರ್ಯ ನಟಿಸಬೇಕಾಗಿಲ್ಲ. ‘ಅಮ್ಮನಿಗೆ ಮಳೆ ಸದ್ದಿಗೆ ಭಯವಾಗುತ್ತದೆ, ಆದರೂ ಮಲಗುತ್ತಾಳೆ’ ಎಂದು ಅವನು ಕಂಡುಕೊಂಡರೆ ಸಾಕು.

ತವರಿಗೆ ಹೋಗುವುದನ್ನು ಈ ವರ್ಷವೇ ಕಕ್ಕಡ ಹದಿನೆಂಟಕ್ಕೆ, ಮದ್ದು ಸೊಪ್ಪಿನ ಪಾಯಸದ ದಿನಕ್ಕೇ ಇಟ್ಟುಕೊಳ್ಳಬೇಡಿ. ಮೊದಲು ಡಿಸೆಂಬರ್‌ನಲ್ಲಿ ಒಂದು ರಾತ್ರಿ, ಮೇ ತಿಂಗಳಲ್ಲಿ ಒಂದು ರಾತ್ರಿ ಉಳಿಯಿರಿ. ಆ ಮನೆ ಇಳಿಜಾರಿನಲ್ಲಿದ್ದರೆ ಹಗಲಿನಲ್ಲಿ ಬರೆಯನ್ನು ನೋಡಿ ಬನ್ನಿ: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಹಿಂದೆ ಇರದ ಜಾಗದಲ್ಲಿ ಕೆಸರು ನೀರಿನ ಒರತೆ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು. ಇವು ಕಂಡರೆ ಹೋಗದಿರುವುದು ಭಯದ ಮಾತಲ್ಲ, ಆ ಮನೆಯವರನ್ನೂ ಅಲ್ಲಿಂದ ಹೊರಡಿಸಬೇಕು.

ನಿದ್ರೆ ಮಾತ್ರೆಯನ್ನು ಅಂಗಡಿಯಿಂದ ನೀವಾಗಿಯೇ ತಂದು ನುಂಗಬೇಡಿ. ಆತಂಕವನ್ನು ತಕ್ಷಣ ಇಳಿಸುವ ಅನೇಕ ಮಾತ್ರೆಗಳು ಕೆಲವೇ ವಾರಗಳಲ್ಲಿ ಅಭ್ಯಾಸವಾಗುತ್ತವೆ. ಜೊತೆಗೆ ‘ಮಾತ್ರೆ ನುಂಗಿದೆ, ಹಾಗಾಗಿ ಉಳಿದೆ’ ಎಂಬ ಹಳೆಯ ಪಾಠವೇ ಇನ್ನೊಂದು ರೂಪದಲ್ಲಿ ಮುಂದುವರಿಯುತ್ತದೆ. ಔಷಧ ಬೇಕೇ, ಯಾವುದು, ಎಷ್ಟು ದಿನ ಎಂಬುದನ್ನು ಮನೋವೈದ್ಯರು ನಿಮ್ಮನ್ನು ನೋಡಿ ಹೇಳಬೇಕು. ನೀವು ಬರೆದಿರುವುದಕ್ಕಿಂತ ಹೆಚ್ಚಿನದು ಇದ್ದರೆ, ಅಂದರೆ ಎಚ್ಚರದಲ್ಲೇ ಆ ರಾತ್ರಿ ಕಣ್ಣ ಮುಂದೆ ಮತ್ತೆ ನಡೆದಂತಾಗುವುದು, ಅದೇ ಕೆಟ್ಟ ಕನಸು ಮರುಕಳಿಸುವುದು, ಯಾರ ಮೇಲೂ ಮಮತೆ ಹುಟ್ಟದಿರುವುದು, ಬದುಕೇ ಬೇಡವೆನಿಸುವುದು ಇದ್ದರೆ, ಮೇಲೆ ಹೇಳಿದ ಹಂತಗಳನ್ನು ಒಬ್ಬರೇ ಮಾಡಲು ಹೊರಡಬೇಡಿ. ಅದು ಆಘಾತದ ನಂತರದ ಒತ್ತಡದ ಕಾಯಿಲೆ ಆಗಿರಬಹುದು, ಅದಕ್ಕೆ ತರಬೇತಿ ಪಡೆದವರು ಮಾಡುವ ಮಾತಿನ ಚಿಕಿತ್ಸೆಗಳಿವೆ, ವರ್ಷಗಳ ನಂತರ ಆರಂಭಿಸಿದರೂ ಅವು ಫಲ ಕೊಡುತ್ತವೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೆಯಿಂದಲೇ ಮಾತನಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.